ಮೂರು ಸಿಲಿಂಡರಿನ ಗುನುಗು

ಬೆಳಗಿನ ಚಳಿಯಲ್ಲಿ ಚೋಕ್ ಎಳೆದು ಕೀ ತಿರುಗಿಸಿದರೆ ನಮ್ಮ ಹಳೆಯ ಮಾರುತಿ 800 ಒಮ್ಮೆ ಮೈ ಕೊಡವಿಕೊಂಡೇ ಎಚ್ಚರಾಗುವುದು. ಆ ನಡುಕ ರೋಗವಲ್ಲ. ಇರುವುದೇ ಮೂರು ಸಿಲಿಂಡರು, 796 ಸಿಸಿ. ಅಷ್ಟು ಅಲುಗಾಟ ಅದರ ಹುಟ್ಟುಗುಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಪುಟಾಣಿ 2014ರವರೆಗೂ ತಯಾರಾಗುತ್ತಿತ್ತು.

ಕಾರ್ಬುರೇಟರ್ ಬಿಚ್ಚುವ ಭಾನುವಾರವೆಂದರೆ ನನಗೆ ಹಬ್ಬ. ಜೆಟ್ ಎಂಬ ಹಿತ್ತಾಳೆಯ ಚೂರಿನಲ್ಲಿ ಸೂಜಿಮೊನೆಯಷ್ಟು ತೂತು. ಪೆಟ್ರೋಲಿನ ಜೊತೆ ಬಂದ ಕಸ ಅಲ್ಲಿ ಕೂತರೆ ಗಾಡಿ ಮುಗ್ಗರಿಸುತ್ತದೆ. ಹಾಗಂತ ಪಿನ್ನು ಚುಚ್ಚಬಾರದು. ಹಿತ್ತಾಳೆ ಮೆದು, ತೂತು ಹಿಗ್ಗಿದರೆ ಪೆಟ್ರೋಲು ಹೆಚ್ಚು ಹರಿದು ಪ್ಲಗ್ಗುಗಳಿಗೆ ಮಸಿ ಹಿಡಿಯುತ್ತದೆ. ಗಾಳಿ ಊದಬೇಕು, ಅಷ್ಟೇ. ಆಮೇಲೆ ಐಡ್ಲಿಂಗ್ ಸ್ಕ್ರೂವನ್ನು ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸುತ್ತ ಕಿವಿಗೊಡುವುದು, ತಂಬೂರಿ ಶ್ರುತಿ ಮಾಡುವವರ ಹಾಗೆ. (ನಮ್ಮವಳ ಪ್ರಕಾರ ಮುಂಚಿನದೂ ಆಮೇಲಿನದೂ ಒಂದೇ ಸದ್ದು.)

ಎದುರುಮನೆಯ ರಾಯರದು ಪ್ರೀಮಿಯರ್ ಪದ್ಮಿನಿ. ನಾಲ್ಕು ಸಿಲಿಂಡರು, 1089 ಸಿಸಿ, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಅದನ್ನು ಹಿಂದಿನ ಚಕ್ರಗಳು ತಳ್ಳುತ್ತವೆ, ನನ್ನದನ್ನು ಮುಂದಿನವು ಎಳೆಯುತ್ತವೆ. ಗತ್ತಿನಲ್ಲಿ ಅವರದೇ ಮೇಲು, ಒಪ್ಪಿದೆ. ಆದರೆ ಮಲ್ಲೇಶ್ವರದ ಇಕ್ಕಟ್ಟಿನಲ್ಲಿ ಗಾಡಿ ನಿಲ್ಲಿಸುವಾಗ ಬೆವರು ಅವರಿಗೆ, ನಗು ನನಗೆ. ಬಿಡಿಭಾಗ ಬೇಕಾದಾಗ ಮಾತ್ರ ಇಬ್ಬರೂ ಒಟ್ಟಿಗೇ ಜೆ.ಸಿ. ರಸ್ತೆಗೆ ಹೊರಡುತ್ತೇವೆ, ನನ್ನ ಕಾರಿನಲ್ಲಿ.