ದುಆದ ಭಾಷೆ ಯಾವುದು?

ಬಸವಕಲ್ಯಾಣದಲ್ಲಿ ನನ್ನ ಅಮ್ಮಿ ಹಾಸಿಗೆ ಹಿಡಿದಿದ್ದಾಗ ಹುಮನಾಬಾದಿನಿಂದ ಬಂದ ತಂಗಿಯ ಮಗ ಅವರ ಬಳಿ ಕುಳಿತು ದುಆ ಓದುತ್ತಿದ್ದ. ಇಂಗ್ಲಿಷ್ ಮಾಧ್ಯಮದ ಹುಡುಗ; ಅರಬಿ ದುಆವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಓದುತ್ತಿದ್ದ. "ಏನು ಕೇಳಿಕೊಂಡೆ?" ಎಂದೆ. "ಗೊತ್ತಿಲ್ಲ ಮಾಮೂ, ಕಾಯಿಲೆಗೆ ಇದೇ ದುಆ ಅಂತ ಬರೆದಿದೆ" ಎಂದ. ಆಮೇಲೆ ಮೆಲ್ಲಗೆ ಕೇಳಿದ: "ನಮ್ಮ ಮಾತಿನಲ್ಲಿ ಕೇಳಿದರೆ ಅಲ್ಲಾಹ್ ಒಪ್ಪುವುದಿಲ್ಲವೇ?"

ಈ ಅಳುಕು ಅವನಿಗೆ ಎಲ್ಲಿಂದ ಬಂತು? ನಮ್ಮ ದುಆ ಪುಸ್ತಿಕೆಗಳಿಗೂ ಅದರಲ್ಲಿ ಪಾಲಿದೆ.

ಈ ಪುಸ್ತಿಕೆಗಳಲ್ಲಿ ಸಾಮಾನ್ಯವಾಗಿ ಮೇಲೆ ಅರಬಿ, ನಡುವೆ ಕನ್ನಡ ಲಿಪಿಯಲ್ಲಿ ಅದರ ಉಚ್ಚಾರ, ಕೆಳಗೆ ಅರ್ಥ ಇರುತ್ತದೆ. ತೊಡಕಿರುವುದು ನಡುವಿನ ಸಾಲಿನಲ್ಲಿ. ಅರಬಿಯ 'ಕಾಫ್' ಎರಡು: ಒಂದು ಗಂಟಲಾಳದ್ದು, ಇನ್ನೊಂದು ನಮ್ಮ 'ಕ'. ಮೊದಲನೆಯದರಿಂದ ಬರೆದ 'ಕಲ್ಬ್' ಎಂದರೆ ಹೃದಯ. ಎರಡನೆಯದರಿಂದ ಬರೆದದ್ದು ನಾಯಿ. ಕನ್ನಡದಲ್ಲಿ ಎರಡೂ ಒಂದೇ. ಹೃದಯವನ್ನು ಸ್ಥಿರಗೊಳಿಸು ಎಂದು ಬೇಡುವವನ ಬಾಯಲ್ಲಿ ಏನು ಬರಬಹುದೆಂದು ಓದುಗರೇ ಊಹಿಸಲಿ. ಅಲ್ಲಾಹನು ಮನಸ್ಸನ್ನು ಬಲ್ಲ, ನಿಜ. ಆದರೆ ಅರಬಿಯೇ ಬೇಕೆಂದು ಹಟ ಹಿಡಿಯುವವರು ಅರಬಿ ಅಕ್ಷರಗಳನ್ನಾದರೂ ಕಲಿಸಬೇಡವೇ?

ಕೆಳಗಿನ ಸಾಲೂ ನಮ್ಮದಾಗಿಲ್ಲ. ಅಲ್ಲಿ 'ಅಭಯ ಯಾಚಿಸುತ್ತೇನೆ' ಎಂದಿರುತ್ತದೆ. ಬೀದರ್ ಜಿಲ್ಲೆಯಲ್ಲಿ ಕಷ್ಟ ಬಂದಾಗ ಯಾರೂ ಅಭಯ ಯಾಚಿಸುವುದಿಲ್ಲ, 'ಕಾಪಾಡು' ಎನ್ನುತ್ತಾರೆ. ಅರ್ಥ ತಿಳಿಸಲೆಂದು ಮಾಡಿದ ಅನುವಾದಕ್ಕೇ ಮತ್ತೊಂದು ಅನುವಾದ ಬೇಕಾದರೆ ಹೇಗೆ?

ನಮಾಜಿನ ಮಾತು ಬೇರೆ. ಅದರಲ್ಲೂ ಪಾರ್ಸಿಯಲ್ಲಿ ಓದಬಹುದೆಂಬ ಅಭಿಪ್ರಾಯ ಇಮಾಮ್ ಅಬೂ ಹನೀಫಾ (ನಿಧನ ಕ್ರಿ.ಶ. 767) ಅವರದೆಂದು ದಾಖಲಾಗಿದೆ. ಶಿಷ್ಯರಾದ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಅದನ್ನು ಅರಬಿ ಬಾರದವರಿಗಷ್ಟೇ ಸೀಮಿತಗೊಳಿಸಿದರು. ಹನಫಿಗಳು ಶಿಷ್ಯರ ಮಾತನ್ನೇ ಹಿಡಿದರು. ಅದು ಸರಿಯೇ, ಜಗತ್ತಿನ ಮುಸ್ಲಿಮರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಆ ಒಂದೇ ಪಾರಾಯಣ. ಆದರೆ ನಮಾಜಿನ ಹೊರಗೆ, ತನ್ನ ಅಗತ್ಯವನ್ನು ತನ್ನ ಮಾತಿನಲ್ಲಿ ಬೇಡಬಹುದೆಂದೇ ಹೆಚ್ಚಿನ ಉಲಮಾಗಳು ಹೇಳುತ್ತಾರೆ.

ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಒಬ್ಬಾತ ಪ್ರವಾದಿ(ಸ)ಯವರ ಬಳಿ, ತಾನು ಸ್ವರ್ಗವನ್ನು ಕೇಳುತ್ತೇನೆ, ನರಕದಿಂದ ರಕ್ಷಣೆ ಬೇಡುತ್ತೇನೆ, ತಮ್ಮಂತೆ, ಮುಆದ್‌ರಂತೆ ಗುನುಗಲು ತನಗೆ ಬಾರದು ಎಂದ. ನಮ್ಮ ಗುನುಗೂ ಅದರ ಸುತ್ತಲೇ ಎಂದರು ಪ್ರವಾದಿ(ಸ). ಆತ ಅರಬನೇ! ಅರಬನಿಗೂ ತನ್ನ ದುಆ ಸಾಲದೆನಿಸಿತ್ತು. ಪ್ರವಾದಿ(ಸ) ಅವನನ್ನು ಕೀಳಾಗಿ ಕಾಣಲಿಲ್ಲ.

ನಮ್ಮ ನೆಲಕ್ಕೂ ಇದು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಶರಣರು ಸಂಸ್ಕೃತಕ್ಕೆ ಕಾಯದೆ ಆಡುಗನ್ನಡದಲ್ಲೇ ದೇವರೊಡನೆ ಮಾತಾಡಿದರು. ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ಆದರೆ ಭಾಷೆಗಳ ವೈವಿಧ್ಯ ಅಲ್ಲಾಹನ ದೃಷ್ಟಾಂತವೆಂದು ಕುರ್‌ಆನಿನ 'ರೂಮ್' ಅಧ್ಯಾಯವೇ ಸಾರುತ್ತದೆ.

ಪ್ರವಾದಿ(ಸ) ಕಲಿಸಿದ ಮಾತುಗಳನ್ನು ಅರಬಿಯಲ್ಲೇ, ಅರ್ಥ ತಿಳಿದು ಕಲಿಯೋಣ. ಉಳಿದದ್ದನ್ನು ಅಳು ಬರುವ ಭಾಷೆಯಲ್ಲಿ ಕೇಳೋಣ. ಪುಸ್ತಿಕೆ ಮಾಡುವವರು ಇಷ್ಟನ್ನು ಮೊದಲ ಪುಟದಲ್ಲಿ ಅಚ್ಚು ಹಾಕಿದರೆ ಸಾಕು.

ಅಂದು ಹುಡುಗನಿಗೆ ನಾನು ಉತ್ತರ ಹುಡುಕುತ್ತಿದ್ದೆ. ಅರ್ಥ ತಿಳಿಯದೆ ನಾಜಿರಾ ಮಾತ್ರ ಓದಿದ್ದ ಅಮ್ಮಿ ಕಣ್ಣು ತೆರೆಯದೆಯೇ ತಮ್ಮ ದಖನಿಯಲ್ಲಿ ಹೇಳಿದರು: "ಯಾ ಅಲ್ಲಾ, ಮೇರೆ ಬಚ್ಚ್ಯಾಂ ಕೂ ಸಂಭಾಲ್."

ಹುಡುಗ "ಆಮೀನ್" ಎಂದ. ಈ ಸಲ ಅವನಿಗೆ ಅರ್ಥವಾಗಿತ್ತು.