ಅಮ್ಮನಿಗೆ ಸಂದ ಮರ್ಯಾದೆ

2021ರ ನವೆಂಬರ್‌ನಲ್ಲಿ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ನಿವಾಳಿಸಿದ್ದನ್ನು ನಾಡು ಮನಸಾರೆ ಮೆಚ್ಚಿತು. ಅದರ ಬೆನ್ನಿಗೇ ಹಳೆಯ ವಾದವೊಂದಕ್ಕೆ ಹೊಸ ಬಲ ಬಂತು: ಲಿಂಗತ್ವ ಅಲ್ಪಸಂಖ್ಯಾತರನ್ನು ಒಪ್ಪಿಕೊಳ್ಳುವುದನ್ನು ನಮ್ಮ ಹಳ್ಳಿಗಳಿಗೆ ಯಾರೂ ಕಲಿಸಬೇಕಿಲ್ಲ, ಎಲ್ಲಮ್ಮ ದೇವಿಗೆ ಮುಡಿಪಾಗಿ ಹೆಣ್ಣುಡುಗೆ ತೊಟ್ಟ ಜೋಗಪ್ಪಗಳಿಗೆ ಅವು ಹಿಂದಿನಿಂದಲೂ ಕೈಮುಗಿಯುತ್ತ ಬಂದಿವೆ. ಜಾನಪದದ ಮೇಲಿನ ಪ್ರೀತಿಯಿಂದ ಹುಟ್ಟಿದ ಈ ವಾದಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಗೆ ಮೀರಿದ್ದು.

ಮಂಜಮ್ಮನವರ ಬದುಕೇ ಇದಕ್ಕೆ ಸಾಕ್ಷಿ. ಬಳ್ಳಾರಿ ಸೀಮೆಯ ಮಂಜುನಾಥನನ್ನು ಮನೆಯವರು ಹುಲಿಗಿಯ ದೇವಿಯ ಗುಡಿಗೆ ಕರೆದೊಯ್ದು ಜೋಗಪ್ಪ ದೀಕ್ಷೆ ಕೊಡಿಸಿದರು. ಉಡದಾರ ಹರಿದರು, ಲಂಗ ಕುಪ್ಪಸ ತೊಡಿಸಿದರು, ಬಳೆ ಇಟ್ಟರು, ಕೊರಳಿಗೆ ದೇವಿಯ ಮುತ್ತು ಕಟ್ಟಿದರು. ಅದೇ ಹೊತ್ತಿನಲ್ಲಿ ಹೆತ್ತ ತಾಯಿ, ತನ್ನ ಪಾಲಿಗೆ ಮಗ ಸತ್ತನೆಂದು ಅತ್ತರು.

ಈ ಗಳಿಗೆಯನ್ನು ವಿದ್ವಾಂಸರು ಬೇಗ ದಾಟಿಹೋಗುತ್ತಾರೆ. ದೇವಿಯ ಮುಂದೆ ಜಾಗ ಕೊಟ್ಟ ಆಚರಣೆಯೇ ಮನೆಯೊಳಗಿನ ಜಾಗವನ್ನು ಕಿತ್ತುಕೊಂಡಿತು. ಉಡದಾರ ಹರಿದ ಕೈಗಳು ಮಗುವನ್ನು ಒಪ್ಪಿಕೊಂಡವೋ, ದೇವಿಗೆ ಒಪ್ಪಿಸಿ ಹೊರೆ ಇಳಿಸಿಕೊಂಡವೋ? ಮುಂದೆ ನಡೆದದ್ದೇ ಉತ್ತರ. ಮಂಜಮ್ಮ ವಿಷ ಕುಡಿದರು, ಮನೆ ಬಿಟ್ಟರು, ಸೀರೆಯುಟ್ಟು ಭಿಕ್ಷೆ ಬೇಡಿದರು, ಅತ್ಯಾಚಾರಕ್ಕೂ ದರೋಡೆಗೂ ಒಳಗಾದರು. ಕೊರಳಲ್ಲಿದ್ದ ಮುತ್ತು ಇದಾವುದನ್ನೂ ತಡೆಯಲಿಲ್ಲ. ಊರಿನ ಮರ್ಯಾದೆ ಸಂದದ್ದು ದೇವಿಗೆ, ಆ ಅಮ್ಮನಿಗೆ. ಅವಳ ಪಡಲಗಿಯನ್ನು, ಆ ಬುಟ್ಟಿಯನ್ನು, ಹೊತ್ತವರಿಗೆ ಅಲ್ಲ.

ಪರಂಪರೆ ಏನನ್ನೂ ಕೊಡಲಿಲ್ಲವೆಂದರೆ ತಪ್ಪಾದೀತು. ಕಾಳವ್ವ ಜೋಗತಿಯಿಂದ ಕಲಿತ ಜೋಗತಿ ಕುಣಿತ ಮಂಜಮ್ಮನವರನ್ನು ಉಳಿಸಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನದವರೆಗೂ ಒಯ್ದಿತು. ಆದರೆ ಅದು ಅವರ ದುಡಿಮೆ, ಅವರ ಪ್ರತಿಭೆ. ಅದರ ಕೀರ್ತಿಯನ್ನು ಊರಿನ ಖಾತೆಗೆ ಬರೆಯುವುದು ಅನ್ಯಾಯ.

ಹಕ್ಕಿನ ಮಾತೆಲ್ಲ ಪೇಟೆಯದು, ಪಶ್ಚಿಮದ್ದು ಎನ್ನುವ ವಿಮರ್ಶಕರೊಂದಿಗೆ ಜಗಳವಿರುವುದೂ ಇಲ್ಲೇ. ಗಂಡಸನ್ನು ಪ್ರೀತಿಸುವ, ಪ್ಯಾಂಟು ಶರಟಿನಲ್ಲೇ ಇರಬಯಸುವ ಹಳ್ಳಿಯ ಹುಡುಗ ಯಾವ ಗುಡಿಗೆ ಹೋಗಬೇಕು? ಒಟ್ಟಿಗೆ ಬಾಳಬಯಸುವ ಇಬ್ಬರು ಹೆಣ್ಣುಮಕ್ಕಳಿಗೆ ಯಾವ ದೇವಿಯ ಆಸರೆಯಿದೆ? ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಭಯವನ್ನು 2018ರಲ್ಲಿ ಅವರ ತಲೆಯ ಮೇಲಿಂದ ಇಳಿಸಿದ್ದು ಸುಪ್ರೀಂ ಕೋರ್ಟು. ಜೋಗಪ್ಪಗಳನ್ನು ತೋರಿಸಿ ಇವರೆಲ್ಲರ ಪ್ರಶ್ನೆಗೂ ಉತ್ತರ ಸಿಕ್ಕಿತೆನ್ನುವ ವಿದ್ವತ್ತು ಇವರ ಪಾಲಿಗೆ ಬಾಗಿಲು ಮುಚ್ಚುತ್ತದೆ.

ಹಳ್ಳಿಯಲ್ಲಿ ಇಂಥವರ ಜೊತೆ ನಿಲ್ಲುವವರನ್ನು ಹುಟ್ಟಿಸುವ ಬೇರೆ ದಾರಿಯೂ ಕನ್ನಡದಲ್ಲೇ ಇದೆ. ತಮಿಳುನಾಡಿನ ಹಳ್ಳಿಯಲ್ಲಿ ಹುಟ್ಟಿದ, ಲಿಂಗತ್ವ ಅಲ್ಪಸಂಖ್ಯಾತರಾದ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ‘ಜನಮನದಾಟ’ ತಂಡ ಎಂ. ಗಣೇಶ್ ನಿರ್ದೇಶನದಲ್ಲಿ ಅದನ್ನು ರಂಗಕ್ಕೇರಿಸಿತು. ರೇವತಿಯವರನ್ನು ಹೊಡೆದದ್ದು ಒಡಹುಟ್ಟಿದವನೇ. ಆ ಕಥೆಯೆದುರು ಕೂತವರು ಕೈಮುಗಿದು ಪಾರಾಗುವಂತಿಲ್ಲ, ತಮ್ಮ ಮನೆಯತ್ತ ತಿರುಗಿ ನೋಡಲೇಬೇಕು. ಜೋಗತಿ ಕುಣಿತಕ್ಕೆ ಸಿಕ್ಕಷ್ಟು ವಿಮರ್ಶಕರ ಗಮನ ಈ ನಾಟಕಕ್ಕೆ ಸಿಗಬೇಕಿತ್ತು.

ಮನೆ ಬದಲಾಗದೆ ಕಾನೂನಿನ ನೆರವೂ ಕೈಗೆಟುಕದು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ತಂದಿತು. ಆ ಹುದ್ದೆಗೆ ಅರ್ಜಿ ತುಂಬಲು ಮಗು ಓದಿರಬೇಕು. ಓದಲು ಮನೆಯಲ್ಲಿ ಉಳಿದಿರಬೇಕು. ಮನೆಯವರು ಮಗುವನ್ನು ಹೊರಹಾಕುವ ಮುನ್ನವೇ ಊರಿನ ಮೇಷ್ಟ್ರು, ಆಶಾ ಕಾರ್ಯಕರ್ತೆಯರು, ಪಂಚಾಯ್ತಿ ಸದಸ್ಯರು ಆ ಮನೆಗೆ ಹೋಗಿ ತಂದೆ ತಾಯಿಯ ಜೊತೆ ಕೂತು ಮಾತಾಡಲಿ.