ಫೈಬರಿನೊಳಗಿನ ಮರ

ಫೈಬರ್ ದೋಣಿ ಕೊಳೆಯುವುದಿಲ್ಲ ಎಂದು ಮಾರುವವರು ಹೇಳುವುದು ಸುಳ್ಳಲ್ಲ. ಗಾಜಿನ ಎಳೆಗೆ ಹುಳು ಹತ್ತುವುದಿಲ್ಲ, ಗಟ್ಟಿಯಾದ ರೆಸಿನ್ನನ್ನು ಬೂಷ್ಟು ತಿನ್ನುವುದಿಲ್ಲ. ಆದರೂ ಇಪ್ಪತ್ತು ವರ್ಷ ದುಡಿದ ಫೈಬರ್ ದೋಣಿಯ ಹಿಂಬದಿಗೆ ಉಳಿ ಇಟ್ಟು ಒಂದು ಏಟು ಹಾಕಿದರೆ, ಹಿಸುಕಿದಲ್ಲಿ ಕಂದು ನೀರು ಒಸರುವ, ಬೆರಳಲ್ಲೇ ಪುಡಿಯಾಗುವ ಪ್ಲೈವುಡ್ ಈಚೆ ಬರುವುದು ಅಪರೂಪವೇನಲ್ಲ. ಎಂಜಿನ್ ತೂಗುಹಾಕುವ ಹಿಂದಿನ ಗೋಡೆ, ತಳದ ಉದ್ದಕ್ಕೆ ಹಾಕಿದ ಪಟ್ಟಿಗಳು, ಕಾಲಿಡುವ ಅಟ್ಟಣೆ, ಇಷ್ಟಕ್ಕೂ ಗಟ್ಟಿತನ ಬರಲೆಂದು ದೋಣಿ ಕಟ್ಟುವವರು ಒಳಗೆ ಮರವಿಟ್ಟು ಮೇಲೆ ಫೈಬರ್ ಹೊದಿಸಿರುತ್ತಾರೆ. ಕೊಳೆಯುವುದು ಆ ಮರ. ಹೊರಗಿನ ಬಣ್ಣ ನೋಡಿದವರಿಗೆ ಅದರ ಸುಳಿವೇ ಸಿಗುವುದಿಲ್ಲ.

ಕಡಲಿಂದ ದೂರದ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯಲ್ಲಿ ಕೂತು ದೋಣಿಯ ಮಾತೇಕೆ ಎಂದು ಕೇಳಬಹುದು. ಹೇಮಾವತಿ ನಾಲೆಯ ನೀರು ಬಂದ ವರ್ಷ ತಿಪಟೂರು, ತುರುವೇಕೆರೆ ಸೀಮೆಯ ಕೆರೆಗಳು ತುಂಬುತ್ತವೆ. ಮಲ್ಲಾಘಟ್ಟದಂಥ ದೊಡ್ಡ ಕೆರೆಯಂತೂ ಸಣ್ಣ ಸಮುದ್ರವೇ. ಬಿದಿರು ಹೆಣೆದು ತೊಗಲು ಹೊದಿಸಿ, ಆಮೇಲೆ ತೊಗಲಿನ ಬದಲು ಪ್ಲಾಸ್ಟಿಕ್ ಚೀಲಕ್ಕೆ ಡಾಂಬರು ಬಳಿದು ಮಾಡುತ್ತಿದ್ದ ಹರಿಗೋಲಿನ ಜಾಗಕ್ಕೆ ಈಗ ಫೈಬರ್ ಹರಿಗೋಲು ಬಂದಿದೆ. ಅದನ್ನು ಕೊಳ್ಳಲು ಮೀನುಗಾರಿಕೆ ಇಲಾಖೆ ಸಹಾಯಧನವನ್ನೂ ಕೊಡುತ್ತದೆ. ಕಿಬ್ಬನಹಳ್ಳಿ ಕ್ರಾಸಿನ ಹೆದ್ದಾರಿ ಹಿಡಿದರೆ ನೇರ ಮಂಗಳೂರು. ಕರಾವಳಿಯಲ್ಲಿ ಮೂಲೆಗೆ ಬಿದ್ದ ದೋಣಿಯೊಂದನ್ನು ಲಾರಿಗೆ ಹೇರಿಸಿ ತಂದು, ತೋಟದಲ್ಲೇ ಸರಿಮಾಡಿ ಕೆರೆಗೆ ಬಿಡೋಣ ಎಂಬ ಆಸೆ ಯಾರಿಗೆ ಬೇಕಾದರೂ ಹುಟ್ಟಬಹುದು. ಆಸೆ ಒಳ್ಳೆಯದೇ. ಅದನ್ನು ನೆರವೇರಿಸುವ ರೀತಿಯ ಬಗ್ಗೆ ಮಾತ್ರ ನನ್ನ ತಕರಾರು.

ಚಾಲ್ತಿಯಲ್ಲಿರುವ ರೀತಿ ಇದು: ಮೆತ್ತಗಾದ ಕಡೆ ಮೇಲ್ಮೈ ಉಜ್ಜಿ, ಎರಡು ಪದರ ಗಾಜಿನೆಳೆಯ ಮ್ಯಾಟ್ ಇಟ್ಟು, ರೆಸಿನ್ ಮೆತ್ತಿ, ಪುಟ್ಟಿ ಹಚ್ಚಿ, ಬಣ್ಣ ಬಳಿಯುವುದು. ಎರಡು ದಿನದ ಕೆಲಸ; ಮುಗಿದಾಗ ದೋಣಿ ಹೊಸದರಂತೆ ಹೊಳೆಯುತ್ತದೆ. ಇದನ್ನು ದುರಸ್ತಿ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಒದ್ದೆ ಮರದ ಮೇಲೆ ಇನ್ನೊಂದು ಪದರ ಹೊದಿಸುವುದೆಂದರೆ ಕೊಳೆಯನ್ನು ಭದ್ರವಾಗಿ ಒಳಗಿಟ್ಟು ಬೀಗ ಹಾಕುವುದು. ಮರ ಕೊಳೆಸುವ ಶಿಲೀಂಧ್ರಕ್ಕೆ ಬೇಕಾದದ್ದು ತೇವ ಮತ್ತು ಸ್ವಲ್ಪ ಗಾಳಿ. ಮರದ ತೇವ ಶೇಕಡಾ 20ರ ಒಳಗಿದ್ದರೆ ಅದು ತಲೆಯೆತ್ತುವುದಿಲ್ಲ. 30ರ ಆಸುಪಾಸಿಗೆ ಬಂದರೆ ಮೆರೆಯುತ್ತದೆ. ಫೈಬರ್ ಹೊದಿಕೆಯೊಳಗೆ ಸೇರಿದ ನೀರಿಗೆ ಬಂದ ದಾರಿ ಇರುತ್ತದೆ, ಹೋಗುವ ದಾರಿ ಇರುವುದಿಲ್ಲ.

ಬರುವ ದಾರಿ ಬಹುಮಟ್ಟಿಗೆ ಮೊಳೆ, ಸ್ಕ್ರೂ, ಬೋಲ್ಟುಗಳ ತೂತುಗಳೇ. ಎಂಜಿನ್ ಕೂರಿಸಲು ಕೊರೆದ ನಾಲ್ಕು ತೂತು, ಹಗ್ಗ ಕಟ್ಟುವ ಕೊಂಡಿಗೆ ಎರಡು. ಕೊರೆದವನು ತೂತಿನ ಒಳಮೈಗೆ ರೆಸಿನ್ ಸವರಿರುವುದಿಲ್ಲ. ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಅಷ್ಟಾಗಿ ತಿಳಿದಿಲ್ಲ: ಮರವನ್ನು ಕೊಳೆಸುವುದರಲ್ಲಿ ಉಪ್ಪುನೀರಿಗಿಂತ ಮಳೆನೀರು ಮುಂದು. ಉಪ್ಪು ಶಿಲೀಂಧ್ರವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಸಮುದ್ರದಲ್ಲಿ ಹತ್ತು ವರ್ಷ ತಡೆದ ದೋಣಿಯನ್ನು ತಂದು ತೆಂಗಿನ ಮರದ ಕೆಳಗೆ ಮೇಲ್ಮುಖವಾಗಿ ಇಟ್ಟರೆ, ಸೋಗೆ, ಕುರುಂಬೆ, ಮಳೆನೀರು ತುಂಬಿಕೊಂಡು ಎರಡು ಮುಂಗಾರಿನಲ್ಲಿ ಅದು ಮುಗಿಯಬಹುದು. ಸೊಳ್ಳೆ ಸಾಕಿದ ಪಾಪ ಬೇರೆ.

ಕೊಳೆತಿರುವುದು ಎಲ್ಲಿ, ಎಷ್ಟು ಎಂದು ತಿಳಿಯುವ ವಿದ್ಯೆಯಲ್ಲಿ ತಿಪಟೂರು ಸೀಮೆಯವರು ಯಾರಿಗೂ ಕಡಿಮೆಯಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಗಿಟುಕು ಬಿಟ್ಟಿದೆಯೋ, ಕೌಟು ಹಿಡಿದಿದೆಯೋ ಎಂದು ಒಡೆಯದೆಯೇ ಹೇಳುವವರು ಇಲ್ಲಿ ಮನೆಮನೆಗೂ ಇದ್ದಾರೆ. ದೋಣಿಗೂ ಇದೇ ಪರೀಕ್ಷೆ. ಸಣ್ಣ ಸುತ್ತಿಗೆಯಿಂದಲೋ ಸ್ಕ್ರೂಡ್ರೈವರಿನ ಹಿಡಿಯಿಂದಲೋ ಗೇಣು ಗೇಣಿಗೆ ತಟ್ಟುತ್ತ ಹೋದರೆ, ಗಟ್ಟಿಯಿದ್ದ ಕಡೆ ಸ್ವರ ಚುರುಕಾಗಿ ಬರುತ್ತದೆ, ಕೊಳೆತ ಕಡೆ ದಬ್ ಎನ್ನುತ್ತದೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಕಾಯಿಯ ಚಿಪ್ಪು ಒಳಗಿನ ನೀರನ್ನು ತಿಂಗಳುಗಟ್ಟಲೆ ನಿಧಾನವಾಗಿ ಹೊರಗೆ ಬಿಡುತ್ತದೆ, ಅದಕ್ಕೇ ಉಂಡೆ ಕೊಬ್ಬರಿ ಆಗುತ್ತದೆ. ಫೈಬರ್ ಹಾಗೆ ಬಿಡುವುದಿಲ್ಲ. ಅದನ್ನು ಒಡೆಯದೆ ಒಣಗಿಸುವ ಉಪಾಯ ಯಾರ ಬಳಿಯೂ ಇಲ್ಲ.

ಇದ್ದ ಹಾಗೆ ತೋರುವ ಉಪಾಯವೊಂದುಂಟು. ಮನೆಯಲ್ಲಿ ಕೆಲಸ ಮಾಡುವವರು ಅದಕ್ಕೇ ಮರುಳಾಗುವುದು. ಸಾಲಾಗಿ ಸಣ್ಣ ತೂತು ಕೊರೆದು ತೆಳು ಎಪಾಕ್ಸಿ ಸುರಿದರೆ ಅದು ಮರದೊಳಗೆ ಇಳಿದು ಗಟ್ಟಿಯಾಗುತ್ತದೆಯಂತೆ. ಒಣ ಮರಕ್ಕೆ ಅಷ್ಟಿಷ್ಟು ಇಳಿಯುವುದು ನಿಜ. ಒದ್ದೆ ಮರದಲ್ಲಿ ನೀರು ಕೂತ ಜಾಗಕ್ಕೆ ಎಪಾಕ್ಸಿ ಹೋಗುವುದಾದರೂ ಹೇಗೆ? ತೂತಿನ ಸುತ್ತ ನಾಲ್ಕು ಗಟ್ಟಿ ಕಡ್ಡಿಗಳಾಗುತ್ತವೆ, ನಡುವೆ ಕೊಳೆ ಹಾಗೇ ಇರುತ್ತದೆ. ತಟ್ಟಿದರೆ ಸ್ವರ ಸ್ವಲ್ಪ ಸುಧಾರಿಸಿರುತ್ತದೆ, ಅದೇ ಅಪಾಯ. ಒಳ್ಳೆಯ ಪರೀಕ್ಷೆಯನ್ನೂ ಇದು ಕೆಡಿಸಿಬಿಡುತ್ತದೆ.

ಸರಿಯಾದ ಕೆಲಸ ಬೇಸರದ್ದು. ಹೊರಮೈಯ ಆಕಾರ ಕೆಡದಂತೆ ಒಳಗಿನಿಂದಲೇ ಫೈಬರ್ ಪದರವನ್ನು ಕತ್ತರಿಸಿ ತೆಗೆಯಬೇಕು. ಕೊಳೆತ ಪ್ಲೈಯನ್ನು ಉಳಿಯಿಂದ ಕೆರೆದು, ಗಟ್ಟಿ ಮರ ಸಿಕ್ಕ ಮೇಲೂ ಒಂದು ಗೇಣು ಮುಂದೆ ಹೋಗಿ ತೆಗೆಯಬೇಕು. ಆಮೇಲೆ ಒಣಗಲು ಬಿಡಬೇಕು. ಈ ಹಂತವನ್ನೇ ಎಲ್ಲರೂ ಹಾರಿಸುವುದು. ಹೊಸ ಮರೈನ್ ಪ್ಲೈಯನ್ನು ಕತ್ತರಿಸಿ, ಅದರ ಆರೂ ಬದಿಗೆ, ಮುಖ್ಯವಾಗಿ ಅಂಚುಗಳಿಗೆ, ಎಪಾಕ್ಸಿ ಕುಡಿಸಿ ಕೂರಿಸಬೇಕು. ಅಂಗಡಿಯಲ್ಲಿ ಐಎಸ್ 710 ಮುದ್ರೆಯ ಹಲಗೆ ಕೇಳಿ ತಂದರೆ ಸಾಕು ಎಂದುಕೊಂಡವರಿಗೆ ಒಂದು ಮಾತು: ಆ ಮುದ್ರೆ ಅಂಟು ಬಿಡುವುದಿಲ್ಲ ಎಂಬ ಭರವಸೆಯನ್ನು ಕೊಡುತ್ತದೆ. ವರ್ಷಗಟ್ಟಲೆ ನೀರಿನಲ್ಲಿ ಮುಚ್ಚಿಟ್ಟರೂ ಮರ ಹಾಗೇ ಇರುತ್ತದೆ ಎಂದು ಅದು ಎಲ್ಲೂ ಹೇಳಿಲ್ಲ. ತೋಟದಲ್ಲೇ ಇದೆಯಲ್ಲ ಎಂದು ತೆಂಗಿನ ಮರ ಸೀಳಿಸಿ ಹಾಕುವವರೂ ಹುಟ್ಟಬಹುದು. ಬೇಡ. ತೆಂಗಿಗೆ ಹೊರಸುತ್ತು ಮಾತ್ರ ಗಟ್ಟಿ, ನಡುಭಾಗ ನೀರು ಹೀರುವ ಮೆದುಮರ.

ಕತ್ತರಿಸಿದ ಫೈಬರನ್ನು ಮತ್ತೆ ಬೆಸೆಯುವ ಲೆಕ್ಕ ಗೊತ್ತಾದಾಗಲೇ ಹವ್ಯಾಸಿಗಳ ಉತ್ಸಾಹ ಇಳಿಯುವುದು. ಅಂಚನ್ನು ದಪ್ಪದ ಹನ್ನೆರಡು ಪಟ್ಟು ದೂರದವರೆಗೆ ಇಳಿಜಾರಾಗಿ ಉಜ್ಜಬೇಕು. ಒಡಲು 6 ಮಿಲಿಮೀಟರ್ ದಪ್ಪವಿದ್ದರೆ ಸುತ್ತಲೂ 7 ಸೆಂಟಿಮೀಟರಿಗೂ ಮೀರಿದ ಇಳಿಜಾರು. 10 ಸೆಂಟಿಮೀಟರ್ ಅಗಲದ ತೂತಿಗೆ 24 ಸೆಂಟಿಮೀಟರಿನ ತೇಪೆ. ಇಷ್ಟು ಉಜ್ಜುವ ಹೊತ್ತಿಗೆ ಗಾಜಿನ ದೂಳು ಅಂಗಿಯೊಳಗೆ, ಕತ್ತಿನಲ್ಲಿ, ಮನೆಯ ಹಾಸಿಗೆಯವರೆಗೂ ಹೋಗಿ ತುರಿಸುತ್ತದೆ. ಹೊಸದಾಗಿ ಎರೆಯುವಾಗಿನಂತೆ ಹಳೆಯ ಫೈಬರಿನ ಜೊತೆ ಪಾಲಿಯೆಸ್ಟರ್ ರೆಸಿನ್ ಒಂದಾಗಿ ಬೆರೆಯುವುದಿಲ್ಲ, ಬರೀ ಅಂಟಿಕೊಳ್ಳುತ್ತದೆ. ಅಂಟು ನಿಲ್ಲುವುದು ಉಜ್ಜಿದ ಮೈಯ ಅಗಲದ ಮೇಲೆ. ದುಡ್ಡಿದ್ದರೆ ದುರಸ್ತಿಗೆ ಎಪಾಕ್ಸಿಯೇ ಮೇಲು. ಎಪಾಕ್ಸಿಯ ಮೇಲೆ ಮತ್ತೆ ಪಾಲಿಯೆಸ್ಟರ್ ಹಾಕುವುದು ಮಾತ್ರ ತಪ್ಪು, ಅದು ಸರಿಯಾಗಿ ಹಿಡಿಯುವುದಿಲ್ಲ.

ಮನೆಯಲ್ಲಿ ಈ ಕೆಲಸ ಮಾಡಬಹುದೇ? ಮಾಡಬಹುದು, ಆದರೆ ಮನೆಯೊಳಗಲ್ಲ. ಪಾಲಿಯೆಸ್ಟರ್ ರೆಸಿನ್ನಿನ ತೀಕ್ಷ್ಣ ವಾಸನೆ ಸ್ಟೈರೀನಿನದು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಅದು ನಿಲ್ಲುವುದಿಲ್ಲ, ಆವಿ ತಡೆಯುವ ಡಬ್ಬಿಯುಳ್ಳ ಮುಖವಾಡವೇ ಬೇಕು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ರೆಸಿನ್ ಗಟ್ಟಿಯಾಗಲು ಹಾಕುವ ಕ್ಯಾಟಲಿಸ್ಟನ್ನೂ, ವೇಗ ಹೆಚ್ಚಿಸಲು ಹಾಕುವ ನೇರಳೆ ಬಣ್ಣದ ಕೋಬಾಲ್ಟ್ ದ್ರಾವಣವನ್ನೂ ಎಂದಿಗೂ ನೇರವಾಗಿ ಬೆರೆಸಬಾರದು. ಬೆರೆಸಿದರೆ ಹೊತ್ತಿ ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಕ್ಯಾಟಲಿಸ್ಟನ್ನು ಕೊನೆಗೆ ಸೇರಿಸಬೇಕು. ಇವೆರಡನ್ನೂ ಒಂದೇ ಚೀಲದಲ್ಲಿ ಕಟ್ಟಿಸಿಕೊಂಡು ಬೈಕಿಗೆ ನೇತುಹಾಕಿಕೊಂಡು ಹೋಗುವವರನ್ನು ನೋಡಿದರೆ ನನಗೆ ಎದೆ ನಡುಗುತ್ತದೆ.

ವಿಚಿತ್ರವೆಂದರೆ, ಈ ಕೆಲಸಕ್ಕೆ ಮಲ್ಪೆ ಬಂದರಿಗಿಂತ ಕಿಬ್ಬನಹಳ್ಳಿ ಒಳ್ಳೆಯ ಜಾಗ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಬೋಟುಗಳು ದಡ ಸೇರುವುದು ಆಗ, ದುರಸ್ತಿಗೆ ಬಿಡುವು ಸಿಗುವುದೂ ಆಗ. ಅಂದರೆ ವರ್ಷದಲ್ಲೇ ಅತ್ಯಂತ ಒದ್ದೆಯಾದ ಎರಡು ತಿಂಗಳು. ಧೋ ಎಂದು ಸುರಿವ ಮಳೆಯಲ್ಲಿ ಟಾರ್ಪಾಲು ಕಟ್ಟಿಕೊಂಡು ಮರ ಒಣಗಿಸುವುದು ಯಾರಿಂದಲೂ ಆಗದ ಕೆಲಸ. ಅಲ್ಲಿಯ ಕೆಲಸಗಾರರ ಕೈ ಚೆನ್ನಾಗಿಯೇ ಇರುತ್ತದೆ, ಕಾಲ ಅವರ ಕಡೆಗಿಲ್ಲ. ಆಗಸ್ಟಿಗೆ ಬೋಟು ಕಡಲಿಗೆ ಇಳಿಯಲೇಬೇಕಾದ ಮಾಲೀಕನಿಗೆ, ತೆಗೆದು ಒಣಗಿಸಿ ಎಂದು ಯಾರು ಹೇಳಿಯಾರು? ಮೇಲಿಂದ ಮೆತ್ತುವ ರೂಢಿ ಬೆಳೆದದ್ದರಲ್ಲಿ ಈ ಒತ್ತಡಕ್ಕೂ ಪಾಲಿದೆ ಎಂಬುದು ನನ್ನ ಎಣಿಕೆ. ನಮ್ಮ ಕಡೆಯ ಫೆಬ್ರವರಿ, ಮಾರ್ಚಿನ ಒಣಗಾಳಿಗೆ ತೆರೆದಿಟ್ಟ ಒಡಲು ತಾನಾಗಿ ಒಣಗುತ್ತದೆ. ಒಂದೇ ತೊಡಕು ಸೆಖೆ. ಏಪ್ರಿಲ್ ಮಧ್ಯಾಹ್ನ ಕಲಸಿದ ರೆಸಿನ್ ಬ್ರಷ್ಷಿಗೆ ಹತ್ತುವ ಮೊದಲೇ ಡಬ್ಬಿಯಲ್ಲಿ ಗಟ್ಟಿಯಾಗುತ್ತದೆ. ಒಂದೇ ಸಲ ಹಲವು ಪದರ ಹಾಕಿದರೆ ಒಳಗೆ ಕಾವು ಏರಿ ಬಿರುಕು ಬಿಡುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ, ಸ್ವಲ್ಪ ಸ್ವಲ್ಪವೇ ಕಲಸಿ, ಎರಡು ಮೂರು ಪದರಕ್ಕೆ ನಿಲ್ಲಿಸಿದರೆ ಇದು ಸಂಭಾಳಿಸಬಹುದಾದ ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೆ, ಮರವನ್ನು ಫೈಬರಿನಲ್ಲಿ ಮುಚ್ಚುವುದೇ ತಪ್ಪೆಂದು ಹೇಳಿಬಿಟ್ಟರೆ ನ್ಯಾಯವಾಗದು. ನೌಕಾಪಡೆಯ ‘ಮ್ಹಾದೇಯಿ’ ಹಾಯಿದೋಣಿಯ ಒಡಲು ಸೀಡರ್ ಮರದ ಪಟ್ಟಿಗಳ ಮೇಲೆ ಗಾಜಿನ ಪದರ ಹೊದಿಸಿದ್ದು. 2009ರಲ್ಲಿ ನೌಕಾಪಡೆ ಸೇರಿದ ಈ ದೋಣಿಯಲ್ಲೇ ದಿಲೀಪ್ ದೊಂಡೆ ಒಬ್ಬರೇ ಭೂಮಿಯನ್ನು ಸುತ್ತಿ ಬಂದರು, ಅವರ ನಂತರ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. ಲಕ್ಷ ನಾಟಿಕಲ್ ಮೈಲಿ ದಾಟಿದ ದೋಣಿ ಅದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಬೇಗ ಕೆಡುವ ರಬ್ಬರ್ ಮರಕ್ಕೂ ಫೈಬರ್ ಹೊದಿಸಿ ದೋಣಿ ಮಾಡಿ ತೋರಿಸಿದೆ. ಒಣ ಮರ, ಪೂರ್ತಿ ಹೊದಿಕೆ, ಪ್ರತಿ ತೂತಿಗೂ ಕಾವಲು ಇದ್ದರೆ ಈ ಜೋಡಿ ಬಾಳುತ್ತದೆ. ಹೆಬ್ಬಲಸಿನಂಥ ಒಳ್ಳೆಯ ದೋಣಿಮರ ಸಿಗುವುದು ಕಷ್ಟವಾಗಿರುವ ಕಾಲದಲ್ಲಿ, ಮರಕೊರೆಯುವ ಕಡಲಹುಳುವಿನ ಕಾಟ ತಪ್ಪಿಸಿದ್ದು ಫೈಬರಿನ ದೊಡ್ಡ ಉಪಕಾರ.

ಮ್ಹಾದೇಯಿಯನ್ನು ಕಟ್ಟಿದ ಗೋವಾದ ರತ್ನಾಕರ ದಾಂಡೇಕರ್ ಅವರೇ ಮುಂದೆ ಇದಕ್ಕೆ ತೀರ ಎದುರು ಬದಿಯ ಹಡಗೊಂದನ್ನೂ ಕಟ್ಟಿದರು. ಅಜಂತಾ ಚಿತ್ರವೊಂದನ್ನು ಆಧರಿಸಿ, ಮೊಳೆಯಿಲ್ಲದೆ, ಹಲಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ‘ಕೌಂಡಿನ್ಯ’. 2023ರ ಸೆಪ್ಟೆಂಬರಿನಲ್ಲಿ ಕಟ್ಟಲು ಆರಂಭಿಸಿದ ಆ ಹಡಗು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು. ಅದನ್ನು ಹಳೆಯ ವೈಭವದ ಗುರುತಾಗಿ ಹೊಗಳಿದವರೇ ಹೆಚ್ಚು. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ. ಹೊಲಿದ ದೋಣಿಗಳ ಸಂಪ್ರದಾಯದಲ್ಲಿ ಹೊಲಿಗೆ ಹಳತಾದರೆ ಬಿಚ್ಚಿ, ಕೆಟ್ಟ ಹಲಗೆಯೊಂದನ್ನೇ ತೆಗೆದು, ಮತ್ತೆ ಹೊಲಿಯುತ್ತಾರೆ. ಒಳಗೇನಾಗಿದೆ ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ. ಬಿಚ್ಚಲು ಬರುವಂತೆ ಕಟ್ಟುವುದು ಕೂಡ ಕಟ್ಟುವ ವಿದ್ಯೆಯ ಒಂದು ಭಾಗ. ಕಾರ್ಖಾನೆಯ ಅಚ್ಚಿನಿಂದ ಬಂದ ಫೈಬರ್ ದೋಣಿಯಲ್ಲಿ ಆ ಭಾಗ ಕಾಣುವುದಿಲ್ಲ. ಹಾಗೆಂದು ಮೀನು ಹಿಡಿಯುವವರೆಲ್ಲ ನಾರಿನ ದೋಣಿಗೆ ಮರಳಲಿ ಎನ್ನುವಷ್ಟು ಹುಂಬತನ ನನಗಿಲ್ಲ. ಪ್ರತಿ ವರ್ಷ ಎಣ್ಣೆ ಕುಡಿಸಿ, ಸಂದು ಮುಚ್ಚಿ, ಹಗ್ಗ ಬಿಗಿಯುವ ಕೂಲಿ ಯಾರು ಕೊಟ್ಟಾರು? ಮನೆಯಲ್ಲಿ ಹಳೆಯ ಫೈಬರ್ ದೋಣಿ ಬಿಚ್ಚಿ ಕೂತವನಿಗೆ ಮಾತ್ರ ಅದರಿಂದ ಕಲಿಯಲು ಇದೆ. ಒಳಗಿನ ಅಟ್ಟಣೆಯನ್ನು ಫೈಬರಿನಿಂದ ಅಂಟಿಸುವ ಬದಲು ಎತ್ತಿಡಲು ಬರುವಂತೆ ಮಾಡಬಹುದು, ತಳದಲ್ಲಿ ನೀರು ಹರಿದುಹೋಗಲು ಬಿರಡೆಯ ತೂತಿಡಬಹುದು. ಬೋಲ್ಟಿನ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದರೆ, ನೀರು ಬಂದರೂ ಮರವನ್ನು ಮುಟ್ಟುವುದಿಲ್ಲ. ಇಡೀ ದುರಸ್ತಿಯಲ್ಲಿ ಖರ್ಚು ಕಡಿಮೆ, ಫಲ ಹೆಚ್ಚು ಇರುವ ಕೆಲಸ ಇದೊಂದೇ.

ಮರದ ಭಾಗ ಅರ್ಧಕ್ಕಿಂತ ಹೆಚ್ಚು ಕೊಳೆತಿದ್ದರೆ ಮುಟ್ಟಬೇಡಿ ಎಂಬುದು ನನ್ನ ಸಲಹೆ. ರೆಸಿನ್, ಪ್ಲೈ, ಕೂಲಿ ಸೇರಿ ಹೊಸ ಹರಿಗೋಲಿನ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಬಿಟ್ಟುಬಿಟ್ಟರೆ ಅದೂ ಸಮಸ್ಯೆಯೇ: ಗಟ್ಟಿಯಾದ ರೆಸಿನ್ ಮತ್ತೆ ಕರಗುವುದಿಲ್ಲ, ಗುಜರಿಯವನು ಒಯ್ಯುವುದಿಲ್ಲ, ಸುಟ್ಟರೆ ಊರಿಗೆಲ್ಲ ವಿಷದ ಹೊಗೆ. ಆದ್ದರಿಂದ ಲೆಕ್ಕವೆಲ್ಲ ಕೊಳ್ಳುವ ಮುಂಚೆಯೇ ಮುಗಿಯಬೇಕು. ದೋಣಿಯ ಹಿಂಗೋಡೆಯ ಬುಡದಲ್ಲಿ, ಒಳಬದಿಯಿಂದ, ಸಣ್ಣ ಡ್ರಿಲ್ ಬಿಟ್ ಹಾಕಿ ಎರಡು ಕಡೆ ಕೊರೆಸಿ. ಬಿಳಿಯ ಒಣ ಪುಡಿ ಬಂದರೆ ಚೌಕಾಸಿಗೆ ಕೂರಿ. ಕಪ್ಪು ಹಸಿ ಪುಡಿ ಬಂದರೆ, ಅಥವಾ ಮಾರುವವನು ಕೊರೆಯಲು ಬಿಡದಿದ್ದರೆ, ಲಾರಿಯವನಿಗೆ ಬಾಡಿಗೆ ಒಂದು ಕಡೆಯದಷ್ಟೇ ಕೊಟ್ಟು ವಾಪಸು ಬನ್ನಿ.